ಏಳನೇ ಕ್ಲಾಸಿನ ಮಗಳು ಇನ್‌ಸ್ಟಾಗ್ರಾಮ್ ಫೋಟೋ ವಿಷ್ಯಕ್ಕೆ ಗೆಳತಿ ಜೊತೆ ಮಾತು ಬಿಟ್ಟಿದಾಳೆ, ಏನ್ ಮಾಡ್ಲಿ?

ಮೊದ್ಲು ಬೈಬೇಡಿ, ಫೋನ್ ಕಿತ್ಕೊಂಡು ಬೀರುನಲ್ಲಿ ಇಡೋದೂ ಬೇಡ. ನಾನು ಶಿರಸಿಲಿ ಟ್ಯೂಷನ್ ಹೇಳ್ತೀನಿ, ಇಂಥದ್ದು ನೋಡ್ತಾನೇ ಇರ್ತೀನಿ. ಮಾರಿಕಾಂಬಾ ಜಾತ್ರೆಗೆ ಎಲ್ಲಾ ಒಟ್ಟಿಗೇ ಹೋಗಿ ತೊಟ್ಟಿಲು ಹತ್ತಿ ನಗ್ತಾ ಫೋಟೋ ತೆಗೆದಿರ್ತಾರೆ, ರಾತ್ರಿ ಅದನ್ನ ಹಾಕುವಾಗ ಒಬ್ಳು ಇನ್ನೊಬ್ಳನ್ನ ಕ್ರಾಪ್ ಮಾಡ್ಬಿಡ್ತಾಳೆ ಇಲ್ಲಾ ಟ್ಯಾಗ್ ಮಾಡಲ್ಲ, ಬೆಳಿಗ್ಗೆ ನೋಡಿದ್ರೆ ಕ್ಲಾಸಲ್ಲಿ ಬೆಂಚೇ ಬದಲಾಗಿರತ್ತೆ. ನಮಗೆ ಸಣ್ಣದು ಅನ್ಸತ್ತೆ, ಆದ್ರೆ ಆ ವಯಸ್ಸಲ್ಲಿ ಓರಗೆಯವ್ರು ಏನಂದ್ಕೋತಾರೆ ಅನ್ನೋದೇ ದೊಡ್ಡ ಚಿಂತೆ, ಅವಳ ನೋವು ನಿಜವಾದ್ದೇ.

ಇನ್‌ಸ್ಟಾಗೆ ಕನಿಷ್ಠ ವಯಸ್ಸು 13. ಅಷ್ಟಾಗಿಲ್ಲ ಅಂದ್ರೆ ಅಕೌಂಟ್ ತೆಗೆಸಿ, ಯಾಕೆ ಅಂತ ಕೂತು ಹೇಳಿ. ಆಗಿದ್ರೆ ಪ್ರೈವೇಟ್ ಮಾಡಿ, ಸೆಟ್ಟಿಂಗ್ಸಲ್ಲಿ ಲೈಕ್ ಲೆಕ್ಕ ಕಾಣದ ಹಾಗೆ ಮುಚ್ಚೋ ಆಯ್ಕೆ 2021ರಿಂದ ಇದೆ, ಅದನ್ನ ಅವಳ ಕೈಲೇ ಹಾಕ್ಸಿ.

ಎಲ್ಲಕ್ಕಿಂತ ಮುಖ್ಯ, ಆ ಗೆಳತಿನ ಭಾನುವಾರ ಮನೆಗೆ ಕರೀರಿ, ಬಿಸಿ ತೆಳ್ಳೇವು (ತೆಳು ದೋಸೆ) ಎರೆದು ಕೊಡಿ, ಎರಡ್ ತಾಸು ಫೋನ್ ಇಲ್ದೆ ಇಬ್ರೇ ಇರ್ಲಿ. ಫೋಟೋ ವಿಷ್ಯ ನೀವಾಗಿ ಎತ್ತಬೇಡಿ, ಅವ್ರಿಗೆ ಬಿಡಿ.