ಕಂಟ್ರೋಲ್ ಟವರ್ ಇಲ್ಲದ ಕಡೆ ಸಣ್ಣ ವಿಮಾನಗಳು ಡಿಕ್ಕಿಯಾಗದೆ ಹೇಗೆ ಇಳಿಯುತ್ತವೆ?

ಎಲ್ಲರೂ ಒಂದೇ ದಾರಿಯಲ್ಲಿ ಸುತ್ತು ಹಾಕಿ ಬರುತ್ತಾರೆ, ತಾವೆಲ್ಲಿದ್ದೇವೆ ಅಂತ ರೇಡಿಯೋದಲ್ಲಿ ಹೇಳುತ್ತಾರೆ, ಕಣ್ಣಿಟ್ಟು ನೋಡುತ್ತಿರುತ್ತಾರೆ. ಅಷ್ಟೇ. ಅಮೆರಿಕದ ಬಹುಪಾಲು ವಿಮಾನ ನಿಲ್ದಾಣಗಳಲ್ಲಿ ಟವರೇ ಇಲ್ಲ.

ಆ ಸುತ್ತು ರನ್‌ವೇ ಪಕ್ಕ ಎಳೆದ ಆಯತದ ಹಾಗೆ. ಸಾಮಾನ್ಯವಾಗಿ ನೆಲದಿಂದ 1000 ಅಡಿ ಎತ್ತರ, ತಿರುವುಗಳು ಎಡಕ್ಕೆ. ಪೈಲಟ್ ಕೂರುವುದು ಎಡಗಡೆ ಸೀಟಿನಲ್ಲಿ, ರನ್‌ವೇ ಅವರ ಕಿಟಕಿಯಲ್ಲೇ ಕಾಣಬೇಕಲ್ವಾ! ಎಲ್ಲರೂ ಹೀಗೇ ಬಂದರೆ ಬೇರೆ ವಿಮಾನವನ್ನು ಎಲ್ಲಿ ಹುಡುಕಬೇಕು ಅನ್ನೋದು ಗೊತ್ತಿರುತ್ತದೆ.

ಸುಮ್ನೆ ಆಕಾಶ ನೋಡುತ್ತಾ ಕೂತರೆ ಸಾಲದು. ನಿಮಗೆ ಗುದ್ದಲಿರುವ ವಿಮಾನ ಗಾಜಿನ ಮೇಲೆ ಆಚೀಚೆ ಸರಿಯುವುದೇ ಇಲ್ಲ. ಕೊಳೆಯ ಚುಕ್ಕೆಯಂತೆ ಒಂದೇ ಜಾಗದಲ್ಲಿದ್ದು, ಕೊನೆಯ ಕೆಲವು ಸೆಕೆಂಡಿನಲ್ಲಿ ದಿಢೀರ್ ಅಂತ ದೊಡ್ಡದಾಗುತ್ತದೆ. ನಮ್ಮ ಕಣ್ಣು ಹಿಡಿಯುವುದು ಅಲುಗಾಡುವುದನ್ನೇ ಜಾಸ್ತಿ. ರೆಕ್ಕೆಯೂ ಅಡ್ಡ ಬರುತ್ತದೆ. ರೆಕ್ಕೆ ತಲೆಯ ಮೇಲಿರುವ ಸೆಸ್ನಾ ಎಂಬ ಸಣ್ಣ ವಿಮಾನದಲ್ಲಿ ಮೇಲಿನದು ಕಾಣದು, ರೆಕ್ಕೆ ಕೆಳಗಿರುವ ಪೈಪರ್ ವಿಮಾನದಲ್ಲಿ ಕೆಳಗಿನದು. ಪೈಪರ್ ಮೇಲೆ, ಸೆಸ್ನಾ ಕೆಳಗೆ ಒಟ್ಟಿಗೆ ಇಳಿಯುತ್ತಿದ್ದರೆ ಇಬ್ಬರಿಗೂ ಒಬ್ಬರಿಗೊಬ್ಬರು ಕಾಣುವುದಿಲ್ಲ.

ರೇಡಿಯೋ ಒಂದನ್ನೇ ನಂಬುವ ಹಾಗೂ ಇಲ್ಲ. 2022ರ ಆಗಸ್ಟ್‌ನಲ್ಲಿ ಕ್ಯಾಲಿಫೋರ್ನಿಯಾದ ವಾಟ್ಸನ್‌ವಿಲ್‌ನಲ್ಲಿ ಎರಡೂ ವಿಮಾನದವರು ರೇಡಿಯೋದಲ್ಲಿ ಹೇಳುತ್ತಲೇ ಇದ್ದರು. ಸುತ್ತು ಹಾಕಿ ಇಳಿಯುತ್ತಿದ್ದ ಸೆಸ್ನಾ 152ರ ಹಿಂದೆ, ಎರಡು ಎಂಜಿನ್ನಿನ ಸೆಸ್ನಾ 340 ಸುತ್ತು ಹಾಕದೆ ನೇರವಾಗಿ ತುಂಬಾ ವೇಗದಲ್ಲಿ ಬಂತು. ಡಿಕ್ಕಿಯಾಗಿ ಮೂವರು ಸತ್ತರು. ನೇರ ಬರಬಾರದು ಅಂತ ನಿಯಮವಿಲ್ಲ. ಆದರೆ ಮುಂದೆ ನಿಧಾನದ ವಿಮಾನ ಇದೆ ಅಂತ ಕೇಳಿಸಿದರೆ, ನನ್ನ ಪ್ರಕಾರ, ವೇಗ ಇಳಿಸಿ ಸುತ್ತಿಗೇ ಸೇರಿಕೊಳ್ಳುವುದು ವಾಸಿ.