ಬರಹಗಾರರಿಗೆ: ‘ಫಿಶ್’ ಬಿಡಿ, ‘ಬನ್ಸ್’ ಹಿಡಿಯಿರಿ

ನಮಸ್ಕಾರ.

ಉಡುಪಿಯಿಂದ ನೀವು ಕಳಿಸಿದ ‘ಇಂಗ್ಲಿಷ್ ಎಂಬ ಹುಚ್ಚು ಭಾಷೆ’ ಲೇಖನವನ್ನು ಓದಿದೆವು. ಈಗಿರುವಂತೆ ಅಚ್ಚಿಗೆ ಹಾಕುವ ಹಾಗಿಲ್ಲ. ನಿಮ್ಮ ವಾಕ್ಯ ಸಲೀಸಾಗಿ ಓಡುತ್ತದೆ, ಎರಡನೇ ಪುಟದ ಹೋಟೆಲಿನ ಪ್ಯಾರಾವಂತೂ ನಮಗೆ ಬಹಳ ಹಿಡಿಸಿತು. ತೊಂದರೆ ಇರುವುದು ಉಳಿದ ಕಡೆ. ನಾಲ್ಕು ಪುಟದಲ್ಲಿ ನಲವತ್ತು ಪದ, ಒಂದೊಂದಕ್ಕೆ ಒಂದೊಂದು ಸಾಲು, ಅರ್ಧಕ್ಕರ್ಧ ವಾಟ್ಸಾಪಿನಲ್ಲಿ ಸುತ್ತುತ್ತಿರುವ ಸರಕು.

ಆರಂಭದಲ್ಲೇ ಇರುವ ‘ಫಿಶ್’ ಪ್ರಸಂಗ ತೆಗೆಯಿರಿ. ಜಿ, ಎಚ್, ಓ, ಟಿ, ಐ ಎಂದು ಬರೆದು ‘ಫಿಶ್’ ಎಂದು ಓದಬಹುದು, ಇದು ಬರ್ನಾರ್ಡ್ ಷಾ ಮಾಡಿದ ತಮಾಷೆ ಎಂದಿದ್ದೀರಿ. ಈ ತಮಾಷೆ 1855ರ ಒಂದು ಪತ್ರದಲ್ಲೇ ಇದೆ. ಷಾ ಹುಟ್ಟಿದ್ದು 1856ರಲ್ಲಿ. ಅದಿರಲಿ, ವಾದವೇ ನಿಲ್ಲುವುದಿಲ್ಲ. ಜಿ-ಎಚ್ ಜೋಡಿ ‘ಫ’ ಆಗುವುದು ‘ಲಾಫ್’, ‘ಇನಫ್’ ಥರ ಸ್ವರದ ನಂತರ ಬಂದಾಗ. ಪದದ ಮೊದಲಿಗೆ ಬಂದರೆ ‘ಘೋಸ್ಟ್’ನಲ್ಲಿರುವಂತೆ ಗಕಾರವೇ. ಓ ಅಕ್ಷರ ‘ಇ’ ಆಗುವುದು ‘ವಿಮೆನ್’ ಎಂಬ ಒಂದು ವಿಚಿತ್ರ ಪದದಲ್ಲಿ. ಟಿ-ಐ ‘ಶ’ ಆಗಬೇಕಾದರೆ ಮುಂದೆ ‘ನೇಷನ್’ನಲ್ಲಿರುವಂತೆ ಇನ್ನೊಂದು ಸ್ವರ ಬೇಕು. ಅಂದರೆ ಇಂಗ್ಲಿಷಿನವರು ಇದನ್ನು ‘ಗೋಟಿ’ ಎಂದೇ ಓದಿಯಾರು. ಆ ಭಾಷೆಯ ಕಾಗುಣಿತ ಗೊಂದಲದ್ದೇ, ಆದರೆ ಗೊಂದಲಕ್ಕೂ ಒಂದು ಕ್ರಮ ಉಂಟು ಮಾರಾಯ್ರೆ. ಅದನ್ನು ತೋರಿಸಿದರೆ ಓದುಗನಿಗೆ ಏನಾದರೂ ಸಿಕ್ಕೀತು.

‘ನ್ಯೂಸ್’ ಎಂದರೆ ನಾಲ್ಕು ದಿಕ್ಕುಗಳ ಮೊದಲಕ್ಷರ ಎಂಬುದೂ ಕಟ್ಟುಕತೆ. ‘ನ್ಯೂ’ ಎಂಬುದಕ್ಕೆ ಬಹುವಚನದ ‘ಸ್’ ಸೇರಿದ್ದು, ಹೊಸ ಸಂಗತಿಗಳು ಎಂದು ಅರ್ಥ. ಶೇಕ್ಸ್‌ಪಿಯರನ ಕಾಲಕ್ಕೆ ಅದು ಬಹುವಚನವಾಗಿಯೂ ನಡೆಯುತ್ತಿತ್ತು, ಈಗ ಏಕವಚನ ಮಾತ್ರ. ಇನ್ನು ‘ನಾರಂಗಿಯ ನಕಾರವನ್ನು ಇಂಗ್ಲಿಷಿನವರು ಕಳೆದರು’ ಎಂಬ ನಿಮ್ಮ ಮಾತು ಅರ್ಧ ಸರಿ. ಅದು ‘ಆರೆಂಜ್’ ಆಗುವಾಗ ನಕಾರ ಹೋಯಿತು ನಿಜ, ಆದರೆ ಪದ ಇಂಗ್ಲೆಂಡಿಗೆ ಬರುವ ಮುಂಚೆಯೇ ಹೋಗಿತ್ತು. ಇಂಗ್ಲಿಷಿನೊಳಗೇ ನಕಾರ ಕಳೆದುಕೊಂಡ ಪದ ಬೇಕಾದರೆ ‘ಅಂಪೈರ್’ ಇದೆ: ಹಿಂದೆ ಅದು ‘ನಂಪೈರ್’ಗೆ ಹತ್ತಿರದ ಪದ. ಪದದ ಮುಂಚೆ ಬರುವ, ‘ಒಂದು’ ಎಂಬರ್ಥದ ‘ಎ’ ಮತ್ತು ಈ ನಕಾರ ಸೇರಿ ‘ಆನ್’ ಎಂದು ಕೇಳಿಸಿ, ಉಳಿದದ್ದು ಅಂಪೈರ್. ನಮ್ಮ ಓದುಗರಿಗೆ ಕಿತ್ತಳೆಗಿಂತ ಇದು ರುಚಿಸುತ್ತದೆ.

ಮೂರನೇ ಪುಟದ ‘ತಪ್ಪುಗಳ ಪಟ್ಟಿ’ಯಲ್ಲಿ ಮೂರು ಜಾತಿಯ ಸಂಗತಿಗಳನ್ನು ಒಂದೇ ಬುಟ್ಟಿಗೆ ತುಂಬಿದ್ದೀರಿ. ವಾಕ್ಯದ ಕೊನೆಗೆ ‘ವಿತ್’, ‘ಆಫ್’ ಬರಬಾರದು ಎಂಬುದು ತಪ್ಪಲ್ಲ, ಮೇಷ್ಟ್ರುಗಳ ಮಡಿ. 1672ರಲ್ಲಿ ಇಂಗ್ಲಿಷ್ ಕವಿ ಡ್ರೈಡನ್ ಎತ್ತಿದ ಆಕ್ಷೇಪ ಶಾಲೆಯ ಪುಸ್ತಕದಲ್ಲಿ ಉಳಿದುಕೊಂಡಿತು, ಅಷ್ಟೇ. ಎಣಿಸುವುದಕ್ಕೆ ‘ಫ್ಯೂಅರ್’, ಅಳೆಯುವುದಕ್ಕೆ ‘ಲೆಸ್’ ಎಂಬ ಭೇದವೂ 1770ರಲ್ಲಿ ರಾಬರ್ಟ್ ಬೇಕರ್ ಎಂಬಾತ ‘ನನಗೆ ಹೀಗೆ ಚೆನ್ನ ಅನಿಸುತ್ತದೆ’ ಎಂಬ ಧಾಟಿಯಲ್ಲಿ ಹೇಳಿದ್ದು, ಆಮೇಲೆ ಕಾನೂನಾಯಿತು. ಪರೀಕ್ಷೆಯಲ್ಲಿ ಪಾಲಿಸಿ ಎನ್ನಿ, ತಪ್ಪು ಎನ್ನಬೇಡಿ.

‘ಪ್ರೀಪೋನ್’ (ನಿಗದಿಗಿಂತ ಮೊದಲೇ ನಡೆಸುವುದು) ಬೇರೆ ಜಾತಿ. ‘ಇಂಥ ಪದವೇ ಇಲ್ಲ’ ಎಂದಿದ್ದೀರಿ. ಆಕ್ಸ್‌ಫರ್ಡ್ ನಿಘಂಟಿನಲ್ಲೇ ಇದೆ, ಭಾರತದ ಬಳಕೆ ಎಂಬ ಗುರುತಿನೊಂದಿಗೆ. ಉಪಯೋಗದ ಪದವೂ ಹೌದು. ಬುಧವಾರದ ಸಭೆಯನ್ನು ಎರಡು ದಿನ ‘ಮೂವ್ ಫಾರ್ವರ್ಡ್’ ಮಾಡಿದ್ದೇವೆ ಎಂದರೆ ಸೋಮವಾರವೋ ಶುಕ್ರವಾರವೋ ಎಂದು ಇಂಗ್ಲಿಷಿನವರೇ ತಡಕಾಡುತ್ತಾರೆ. ಪ್ರೀಪೋನ್ ಎಂದರೆ ಆ ಗೊಂದಲವಿಲ್ಲ. ಹೊರದೇಶದ ಪತ್ರಕ್ಕೆ ‘ಬ್ರಿಂಗ್ ಫಾರ್ವರ್ಡ್’ ಸಾಕು. ‘ಪಾಸ್ಡ್ ಔಟ್’ ಮಾತ್ರ ನಿಜಕ್ಕೂ ಎಚ್ಚರಿಸಬೇಕಾದ್ದು. ಕಾಲೇಜು ಮುಗಿಸಿದ್ದಕ್ಕೆ ಮಣಿಪಾಲದ ಹುಡುಗ ಹಾಗೆ ಬರೆದರೆ, ಅಮೆರಿಕದಲ್ಲಿ ಅರ್ಜಿ ಓದುವವನಿಗೆ ಪ್ರಜ್ಞೆ ತಪ್ಪಿ ಬಿದ್ದ ಹಾಗೆ ಕಾಣುತ್ತದೆ. ‘ಗ್ರಾಜುಯೇಟೆಡ್’ ಎಂದರೆ ಮುಗಿಯಿತು.

ಈಗ ನಿಮ್ಮ ಹೋಟೆಲಿನ ಪ್ಯಾರಾ. ‘ಒಂದು ಬನ್ಸ್, ಒಂದು ಕಾಫಿ’ ಎಂಬ ಆರ್ಡರು ಕೇಳಿ ನಕ್ಕು ಮುಂದೆ ಹೋಗಿದ್ದೀರಿ. ಲೇಖನ ಶುರುವಾಗಬೇಕಾದ್ದೇ ಅಲ್ಲಿಂದ. ಬಾಳೆಹಣ್ಣು ಮೈದಾ ಕಲಸಿ ಕರಿದ ಆ ತಿಂಡಿ ಒಂದಿದ್ದರೂ ಬನ್ಸ್, ನಾಲ್ಕಿದ್ದರೂ ಬನ್ಸ್. ಯಾಕೆ? ಕನ್ನಡದಲ್ಲಿ ಸಂಖ್ಯೆ ಹೇಳಿದ ಮೇಲೆ ವಸ್ತುವಿಗೆ ‘ಗಳು’ ಬೇಕಿಲ್ಲ: ಎರಡು ಇಡ್ಲಿ, ಮೂರು ಕುರ್ಚಿ. ಹಾಗಾಗಿ ಇಂಗ್ಲಿಷ್ ‘ಸ್’ ನಮ್ಮ ಕಿವಿಗೆ ಬಹುವಚನವಾಗಿ ಕೇಳಿಸದೆ ಪದದ ಮೈಗೇ ಅಂಟಿಕೊಂಡಿತು. ಬೋರ್ಡುಗಳ ಮೇಲಿನ ‘ಫರ್ನಿಚರ್ಸ್’ ಇದರ ಇನ್ನೊಂದು ಮುಖ: ಎಲ್ಲಿ ‘ಸ್’ ಬೇಕು, ಎಲ್ಲಿ ಬೇಡ ಎಂಬುದು ಊಹೆಯ ಮೇಲೆ ನಡೆಯುತ್ತದೆ. ಇಂಗ್ಲಿಷಿನವರು ಇದನ್ನೇ ತಿರುಗಿಸಿ ಮಾಡಿದ್ದಾರೆ. ಬಟಾಣಿಗೆ ಅವರಲ್ಲಿ ಹಿಂದೆ ಇದ್ದ ಏಕವಚನ ‘ಪೀಸ್’. ಕೊನೆಯ ‘ಸ್’ ಬಹುವಚನದ್ದೆಂದು ಭ್ರಮಿಸಿ, ಅದನ್ನು ಕಿತ್ತು ‘ಪೀ’ ಎಂಬ ಹೊಸ ಪದ ಮಾಡಿಕೊಂಡರು. ‘ಚೆರಿ’ಯದೂ ಅದೇ ಕತೆ. ಬನ್ಸ್, ನ್ಯೂಸ್, ಪೀ ಮೂರನ್ನೂ ಒಟ್ಟಿಗಿಟ್ಟು ನೋಡಿ, ಎರಡು ಪುಟ ತಾನಾಗಿ ಬರುತ್ತದೆ.

‘ಐ ಆಮ್ ಇನ್ ಉಡುಪಿ ಓನ್ಲಿ’, ‘ಟುಡೇ ಇಟ್ಸೆಲ್ಫ್’ ಕೂಡ ಉಳಿಸಿಕೊಳ್ಳಿ. ಉಡುಪಿಯಲ್ಲೇ, ಇವತ್ತೇ ಎಂಬಲ್ಲಿನ ‘ಏ’ಯನ್ನು ಹೊತ್ತುಕೊಂಡು ಹೋದದ್ದು ಅದು, ಇಂಗ್ಲಿಷಿನಲ್ಲಿ ಆ ಒತ್ತನ್ನು ಹೆಚ್ಚಾಗಿ ದನಿಯಲ್ಲೇ ಕೊಡುತ್ತಾರೆ. ಆದರೆ ‘ಒನ್ ಆಫ್ ಮೈ ಫ್ರೆಂಡ್’ಗೂ ಕನ್ನಡವೇ ಕಾರಣ ಎನ್ನಬೇಡಿ. ‘ಸ್ನೇಹಿತರಲ್ಲಿ ಒಬ್ಬ’ ಎಂದು ನಾವು ಬಹುವಚನವನ್ನೇ ಬಳಸುತ್ತೇವಲ್ಲ.

ತಿದ್ದುವಾಗ ಪ್ರತಿ ಪದಕ್ಕೂ ನಿಘಂಟು ತೆರೆಯಿರಿ. ಪದ ಇದೆಯೋ ಇಲ್ಲವೋ ಎಂದಷ್ಟೇ ನೋಡಿದರೆ ಸಾಲದು. ಪಕ್ಕದ ಗುರುತು, ಮೊದಲ ಬಳಕೆಯ ಕಾಲ, ಕೊಟ್ಟ ಉದಾಹರಣೆ ಎಲ್ಲ ನೋಡಿ. ‘ರಿಗಾರ್ಡ್‌ಲೆಸ್’ ಎನ್ನಬೇಕಾದಲ್ಲಿ ಕೆಲವರು ಬಳಸುವ ‘ಇರ್‌ರಿಗಾರ್ಡ್‌ಲೆಸ್’ ಕೂಡ ಅಮೆರಿಕದ ಮೆರಿಯಮ್-ವೆಬ್‌ಸ್ಟರ್ ನಿಘಂಟಿನಲ್ಲಿದೆ, ಆದರೆ ಶಿಷ್ಟವಲ್ಲ ಎಂಬ ಮುದ್ರೆಯೊಂದಿಗೆ. ಗುರುತುಗಳ ಅಭ್ಯಾಸ ಬೇಕಾದರೆ ನಮ್ಮ ಮಂಗಳೂರಿನ ಬಾಸೆಲ್ ಮಿಷನ್ ಪ್ರೆಸ್ಸಿನಲ್ಲೇ 1894ರಲ್ಲಿ ಅಚ್ಚಾದ ಕಿಟೆಲ್ ನಿಘಂಟಿನ ಒಂದು ಪುಟವನ್ನು ಸಂಕೇತಾಕ್ಷರಗಳ ಪಟ್ಟಿ ಪಕ್ಕಕ್ಕಿಟ್ಟುಕೊಂಡು ಓದಿ.

ನಲವತ್ತನ್ನು ಎಂಟಕ್ಕೆ ಇಳಿಸಿ, ಒಂಬೈನೂರು ಪದ ಮೀರದಂತೆ ಬರೆದು ಮತ್ತೆ ಕಳಿಸಿ. ಉಚ್ಚಾರಣೆಯ ಮಾತು ಬಂದಾಗ ಕೇಳಿಸುವಂತೆ ಬರೆಯಿರಿ, ಕಾಗುಣಿತದ ಮಾತು ಬಂದಾಗ ಅಕ್ಷರಗಳ ಹೆಸರು ಬಿಡಿಸಿ ಹೇಳಿ. ಎರಡನ್ನೂ ಕಲಸಿದ್ದರಿಂದಲೇ ನಿಮ್ಮ ಕೊನೆಯ ಪುಟ ನಮಗೆ ಅರ್ಥವಾಗಲಿಲ್ಲ. ತಲೆಬರಹ ಬದಲಿಸಿ. ಪದಗಳನ್ನು ಎಲ್ಲಿ ನೋಡಿದಿರಿ ಎಂಬ ಟಿಪ್ಪಣಿಯನ್ನು ಬೇರೆ ಹಾಳೆಯಲ್ಲಿ ಲಗತ್ತಿಸಿ. ಅಚ್ಚಿಗಲ್ಲ, ನಮ್ಮ ಪರಿಶೀಲನೆಗೆ.

— ಸಂಪಾದಕರು