ಮನೆಮಂದಿಯೆಲ್ಲ ರೇಖಿ ಕ್ಲಾಸಿಗೆ ಹೋಗಿ ಬಂದ ಮೇಲೆ

ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ನಮ್ಮ ಅತ್ತೆಗೆ 68 ವರ್ಷ. ಮಂಡಿ ನೋವು, ಶುಗರ್ ಎರಡೂ ಇದೆ. ನಾದಿನಿ ಬೆಂಗಳೂರಲ್ಲಿ ರೇಖಿ, ಅಂದರೆ ಕೈ ಇಟ್ಟು ಶಕ್ತಿ ಹರಿಸಿ ವಾಸಿ ಮಾಡುತ್ತೇವೆ ಅನ್ನುವ ವಿದ್ಯೆ, ಕಲಿತವಳು. ಅವಳ ಒತ್ತಾಯಕ್ಕೆ ಅತ್ತೆ, ನನ್ನ ಯಜಮಾನರು, ನಾನು, 14ರ ಮಗ, 9ರ ಮಗಳು ಎಲ್ಲರೂ ಶನಿವಾರ ಭಾನುವಾರದ ಕ್ಲಾಸಿಗೆ ಹೋಗಿ ಬಂದೆವು. ಫ್ಯಾಮಿಲಿ ಅಂತ ಫೀಸಲ್ಲಿ ರಿಯಾಯಿತಿ ಕೊಟ್ಟರು. ದೀಕ್ಷೆ ಆದ ಮೇಲೆ ಒಬ್ಬೊಬ್ಬರನ್ನೇ ಏನನ್ನಿಸಿತು ಅಂತ ಕೇಳಿದರು. ಮಗಳು ನೇರಳೆ ಬಣ್ಣದ ಬೆಳಕು ಕಾಣಿಸಿತು ಅಂದಳು, ಎಲ್ಲರೂ ಚಪ್ಪಾಳೆ ತಟ್ಟಿದರು. ಮಗ ಏನೂ ಅನ್ನಿಸಲಿಲ್ಲ ಅಂದ. ಇವನ ಹೃದಯ ಚಕ್ರ ಬ್ಲಾಕ್ ಆಗಿದೆ ಅಂದರು ಟೀಚರ್. ಅವತ್ತಿನಿಂದ ಮನೆಯಲ್ಲಿ ಅವನು ಏನು ಮಾತಾಡಿದರೂ ‘ನೆಗೆಟಿವ್ ಎನರ್ಜಿ’. ದಿನಾ ಸಂಜೆ ಎಲ್ಲರೂ ಅತ್ತೆಯ ಮಂಡಿ ಮೇಲೆ ಕೈ ಇಡುತ್ತೇವೆ, ನೋವು ಕಮ್ಮಿ ಆಗಿದೆ ಅನ್ನುತ್ತಾರೆ. ಆದರೆ ಮೊನ್ನೆ ನೋಡಿದರೆ ಶುಗರ್ ಮಾತ್ರೆಯ ಸ್ಟ್ರಿಪ್ ಹಾಗೇ ಇದೆ. ಕೇಳಿದರೆ, ಇನ್ನು ಯಾಕಮ್ಮಾ ಮಾತ್ರೆ ಅಂತಾರೆ. ಈ ರೇಖಿ ನಿಜವಾ, ಸುಳ್ಳಾ?
– ಹೆಸರು ಬೇಡ, ದಾವಣಗೆರೆ

ಉತ್ತರ: ನಿಮ್ಮ ಪತ್ರದಲ್ಲಿ ಕೊನೆಗೆ ಬಂದಿರುವ ಮಾತ್ರೆ ವಿಷಯ ನಿಜವಾಗಿ ಮೊದಲು ಬರಬೇಕಾದದ್ದು. ಅತ್ತೆಯನ್ನು ನಾಳೆಯೇ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ, ಎಷ್ಟು ದಿನದಿಂದ ಮಾತ್ರೆ ಬಿಟ್ಟಿದ್ದಾರೆ ಅಂತ ಮುಚ್ಚಿಡದೆ ಹೇಳಿ. ಸಕ್ಕರೆ ಕಾಯಿಲೆಯಲ್ಲಿ ‘ಆರಾಮ ಅನ್ನಿಸ್ತಿದೆ’ ಅನ್ನೋ ಮಾತಿಗೆ ಬೆಲೆ ಇಲ್ಲ. ರಕ್ತದಲ್ಲಿ ಸಕ್ಕರೆ ಸಾಕಷ್ಟು ಏರಿದರೂ ಎಷ್ಟೋ ಜನಕ್ಕೆ ಗೊತ್ತೇ ಆಗುವುದಿಲ್ಲ, ಅಷ್ಟರಲ್ಲಿ ಕಣ್ಣು, ಕಿಡ್ನಿ, ಕಾಲಿನ ನರಗಳಿಗೆ ಪೆಟ್ಟು ಬೀಳುತ್ತಾ ಇರುತ್ತದೆ. ಹಿಂದಿನ ಸುಮಾರು ಮೂರು ತಿಂಗಳ ಲೆಕ್ಕ ಹೇಳುವ ಎಚ್‌ಬಿಎ1ಸಿ ಅನ್ನೋ ರಕ್ತಪರೀಕ್ಷೆ ಇದೆ. ಅದನ್ನು ಮಾಡಿಸಿ, ಬಂದ ನಂಬರನ್ನು ನಾದಿನಿಗೂ ತೋರಿಸಿ. ಮಾತ್ರೆ ಕಮ್ಮಿ ಮಾಡುವುದೋ ಬಿಡುವುದೋ ಅನ್ನೋದನ್ನು ಆ ನಂಬರ್ ನೋಡಿ ಡಾಕ್ಟರ್ ಹೇಳಬೇಕು, ಮನೆಯವರಲ್ಲ.

ಈಗ ನಿಜವಾ ಸುಳ್ಳಾ ಅನ್ನೋದಕ್ಕೆ ಬರೋಣ. ಇದು ಋಷಿಮುನಿಗಳ ಕಾಲದ ವಿದ್ಯೆ, ನಡುವೆ ಕಳೆದುಹೋಗಿ ಮತ್ತೆ ಸಿಕ್ಕಿತು ಅಂತ ಕ್ಲಾಸುಗಳಲ್ಲಿ ಹೇಳುವುದುಂಟು. ಅಷ್ಟು ಹಳೆಯದೇನಲ್ಲ. ಜಪಾನಿನ ಮಿಕಾವೋ ಉಸುಯಿ (1865–1926) ಎಂಬಾತ ಕ್ಯೋಟೊ ಹತ್ತಿರದ ಕುರಾಮಾ ಬೆಟ್ಟದಲ್ಲಿ ಉಪವಾಸ, ಧ್ಯಾನ ಮಾಡಿ ಈ ಶಕ್ತಿ ಪಡೆದ ಅನ್ನೋದು ಅವರದೇ ಕಥೆ. ಆತ ಟೋಕಿಯೊದಲ್ಲಿ ಕಲಿಸಲು ಶುರು ಮಾಡಿದ್ದು 1922ರಲ್ಲಿ. ನಮ್ಮಲ್ಲಿ ಎಷ್ಟೋ ಮನೆಗಳ ತೊಟ್ಟಿಲು ಇದಕ್ಕಿಂತ ಹಳೆಯದು. ಅಲ್ಲಿಂದ ಇದನ್ನು ಹವಾಯಿಗೆ ಒಯ್ದವರು ಹವಾಯೊ ತಕಾತಾ ಅನ್ನೋ ಹೆಂಗಸು. ಬೇರೆಯವರಿಗೆ ಕಲಿಸುವ ಮಾಸ್ಟರ್ ಆಗುವ ದೀಕ್ಷೆಗೆ ಅವರು ತೆಗೆದುಕೊಳ್ಳುತ್ತಿದ್ದದ್ದು ಹತ್ತು ಸಾವಿರ ಡಾಲರ್, 1980ರಲ್ಲಿ ತೀರಿಕೊಳ್ಳುವ ಹೊತ್ತಿಗೆ 22 ಜನ ಮಾಸ್ಟರುಗಳನ್ನು ಮಾಡಿದ್ದರು. ಏಳು ಚಕ್ರಗಳ ಲೆಕ್ಕ ಪಶ್ಚಿಮಕ್ಕೆ ಹೋದ ಮೇಲೆ ಸೇರಿಕೊಂಡದ್ದು. ಅಂದರೆ ನಿಮ್ಮ ಮಗನಿಗೆ ಬ್ಲಾಕ್ ಆಗಿದೆ ಅಂದ ಚಕ್ರ ಜಪಾನಿನ ಮೂಲ ಪಾಠದಲ್ಲೇ ಇರಲಿಲ್ಲ!

ಕೈಯಿಂದ ಶಕ್ತಿ ಹರಿಯುತ್ತದೆಯೇ ಅಂತ ನೋಡಲು ಪರೀಕ್ಷೆಗಳು ನಡೆದಿವೆ. ಅಮೆರಿಕದಲ್ಲಿ ಮೈಕೈಯೆಲ್ಲ ನೋಯುವ ಫೈಬ್ರೊಮಯಾಲ್ಜಿಯಾ ರೋಗಿಗಳು ನೂರು ಜನರನ್ನು ತೆಗೆದುಕೊಂಡು ಕೆಲವರಿಗೆ ನಿಜವಾದ ರೇಖಿ ಮಾಸ್ಟರುಗಳಿಂದ, ಉಳಿದವರಿಗೆ ಅವರ ಹಾಗೇ ಕೈ ಇಟ್ಟು ನಟಿಸುವ ನಟರಿಂದ ಚಿಕಿತ್ಸೆ ಕೊಡಿಸಿದರು. 2008ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಮಾಸ್ಟರ್ ಇಟ್ಟ ಕೈಗೂ ನಟ ಇಟ್ಟ ಕೈಗೂ ವ್ಯತ್ಯಾಸ ಕಾಣಲಿಲ್ಲ.

ಇನ್ನೊಂದು ಪರೀಕ್ಷೆ ನಿಮ್ಮ ಮಕ್ಕಳಿಗೆ ಇಷ್ಟವಾಗುತ್ತದೆ. ಎಮಿಲಿ ರೋಸಾ ಅನ್ನೋ ಅಮೆರಿಕದ ಹುಡುಗಿ, ಆಗ ನಿಮ್ಮ ಮಗಳಷ್ಟೇ ವಯಸ್ಸು, ಶಾಲೆಯ ವಿಜ್ಞಾನ ಮೇಳಕ್ಕೆ ಅಂತ ಮಾಡಿದ್ದು. ಅದು ರೇಖಿ ಅಲ್ಲ, ಅದರ ಅಕ್ಕನ ಮಗಳಂತಿರುವ ಥೆರಪ್ಯೂಟಿಕ್ ಟಚ್. ರೋಗಿಯ ಮೈಯ ಶಕ್ತಿ ನಮ್ಮ ಅಂಗೈಗೆ ತಿಳಿಯುತ್ತದೆ ಅನ್ನುವ 21 ಜನರನ್ನು ಕೂರಿಸಿದಳು. ನಡುವೆ ರಟ್ಟಿನ ಪರದೆ. ಅವರು ಅದರ ಕೆಳಗಿನಿಂದ ಎರಡೂ ಕೈ ಚಾಚಬೇಕು. ಈಕೆ ನಾಣ್ಯ ಚಿಮ್ಮಿ, ಎಡಗೈಯೋ ಬಲಗೈಯೋ ಒಂದರ ಮೇಲೆ ಮುಟ್ಟದೆ ತನ್ನ ಕೈ ಹಿಡಿಯುತ್ತಾಳೆ. ಯಾವ ಕೈ ಹತ್ತಿರ ಇದೆ ಅಂತ ಅವರು ಹೇಳಬೇಕು, ಅಷ್ಟೇ. 280 ಸಲದಲ್ಲಿ ಸರಿಯಾಗಿ ಹೇಳಿದ್ದು 123 ಸಲ. ಸುಮ್ನೆ ಊಹಿಸಿದರೂ ಸುಮಾರು 140 ಸರಿ ಬರಬೇಕಿತ್ತು ಅಲ್ವಾ? 1998ರಲ್ಲಿ ಇದು ಅಮೆರಿಕದ ವೈದ್ಯರ ಸಂಘದ ಪತ್ರಿಕೆಯಲ್ಲೇ ಅಚ್ಚಾಯಿತು. ನಿಮ್ಮ ಮನೆಯಲ್ಲೂ ಮಾಡಿ ನೋಡಿ. ಒಂದು ಬೆಡ್‌ಶೀಟು, ಒಂದು ರೂಪಾಯಿ ನಾಣ್ಯ ಸಾಕು. ನಾಣ್ಯ ಚಿಮ್ಮುವ ಕೆಲಸ ಮಗನಿಗೆ ಕೊಡಿ.

ಮಗನ ವಿಷಯವೇ ನನಗೆ ಜಾಸ್ತಿ ಕಾಡಿದ್ದು. ಒಬ್ಬರೇ ಕ್ಲಾಸಿಗೆ ಹೋದರೆ, ಏನೂ ಅನ್ನಿಸದಿದ್ದರೆ ಎದ್ದು ಬಂದು ಸುಮ್ಮನಾಗಬಹುದು. ಮನೆಮಂದಿಯೆಲ್ಲ ಹೋದಾಗ ಆ ದಾರಿ ಮುಚ್ಚುತ್ತದೆ. ಬೆಳಕು ಕಂಡವಳಿಗೆ ಚಪ್ಪಾಳೆ, ಕಾಣದವನಿಗೆ ದೋಷ. ಮುಂದಿನ ಸಲ ಹುಡುಗ ಏನು ಹೇಳುತ್ತಾನೆ ಹೇಳಿ? ನೇರಳೆ ಅಲ್ಲದಿದ್ದರೆ ಹಸಿರು ಬಣ್ಣ ಕಂಡಿತು ಅಂತಾನೆ. ಮಗಳು ಸುಳ್ಳು ಹೇಳಿದಳು ಅಂತ ಅಲ್ಲ, ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡರೆ ಬಣ್ಣಗಳು ಯಾರಿಗಾದರೂ ಕಾಣುತ್ತವೆ. ಆದರೆ ಅವತ್ತು ಆ ಹಾಲ್‌ನಲ್ಲಿ ಅನ್ನಿಸಿದ್ದನ್ನು ಅನ್ನಿಸಿದ ಹಾಗೆ ಹೇಳಿ ಬೈಸಿಕೊಂಡವನು ನಿಮ್ಮ ಮಗ ಒಬ್ಬನೇ. ಆ ಚಕ್ರದ ಮಾತು ಇನ್ನು ಮನೆಯಲ್ಲಿ ಬೇಡ ಅಂತ ಯಜಮಾನರಿಗೆ ನೇರವಾಗಿ ಹೇಳಿ, ಮಗನೆದುರೇ ಹೇಳಿ.

ಅತ್ತೆಯ ಮಂಡಿಗೂ ಇದೇ ಮಾತು. ನೋವು ಕಮ್ಮಿ ಆಗಿರಬಹುದು, ನಾನು ಇಲ್ಲ ಅನ್ನುವುದಿಲ್ಲ. ಮಂಡಿ ಸವೆತದ ನೋವು ಒಂದು ವಾರ ಜಾಸ್ತಿ, ಒಂದು ವಾರ ಕಮ್ಮಿ ಇರುತ್ತದೆ, ಜಾಸ್ತಿ ಇದ್ದಾಗಲೇ ನಾವು ಹೊಸ ಚಿಕಿತ್ಸೆ ಹುಡುಕಿಕೊಂಡು ಹೋಗುವುದು. ಅದರ ಜೊತೆಗೆ ಟೀವಿ, ಮೊಬೈಲ್ ಬಿಟ್ಟು ಮೊಮ್ಮಕ್ಕಳು ದಿನಾ ಸಂಜೆ ಅಜ್ಜಿಯ ಕಾಲ ಹತ್ತಿರ ಕೂರುತ್ತಾರೆ ಅಂದರೆ ಯಾವ ಅಜ್ಜಿಗೆ ಹಿತ ಅನ್ನಿಸುವುದಿಲ್ಲ? ಅದನ್ನು ನಿಲ್ಲಿಸಬೇಡಿ. ಬೇಕಾದರೆ ಸ್ವಲ್ಪ ಎಳ್ಳೆಣ್ಣೆ ಬಿಸಿ ಮಾಡಿಕೊಳ್ಳಿ. ಆದರೆ ಎಲ್ಲರ ಕೈ ಮಂಡಿ ಮೇಲಿರುವಾಗ, ಮೊಮ್ಮಗಳು ಮುಖ ನೋಡುತ್ತಾ ಕಮ್ಮಿ ಆಯ್ತಾ ಅಜ್ಜಿ ಅಂತ ಕೇಳಿದರೆ, ಇಲ್ಲ ಕಣೆ ಇನ್ನೂ ನೋಯ್ತಿದೆ ಅನ್ನಲು ಅವರಿಗೆ ಬಾಯಿ ಬರುವುದಿಲ್ಲ. ಹಾಗಾಗಿ ನೀವು ಒಬ್ಬರೇ ಇದ್ದಾಗ, ಅಡುಗೆಮನೆಯಲ್ಲಿ, ಬೇರೆ ಥರ ಕೇಳಿ. ದೇವಸ್ಥಾನದ ಮೆಟ್ಟಿಲು ಹತ್ತಲು ಆಗುತ್ತಿದೆಯಾ, ರಾತ್ರಿ ಎಚ್ಚರ ಆಗುತ್ತಿದೆಯಾ ಅಂತ. ನಿಜವಾದ ಉತ್ತರ ಅಲ್ಲಿ ಸಿಗುತ್ತದೆ. ಮಂಡಿಗೆ ನಿಜಕ್ಕೂ ಉಪಯೋಗಕ್ಕೆ ಬರುವುದು ತೊಡೆಯ ಸ್ನಾಯು ಗಟ್ಟಿ ಮಾಡುವ ವ್ಯಾಯಾಮ, ಮೈ ತೂಕ ಇಳಿಸುವುದು. ಫಿಸಿಯೊಥೆರಪಿಸ್ಟ್ ಹೇಳಿಕೊಡುತ್ತಾರೆ, ಅದನ್ನೂ ಎಲ್ಲರೂ ಸೇರಿ ಮಾಡಬಹುದು.

ಪ್ರಶ್ನೆ: ನಾನು ಕುವೈತ್‌ನಲ್ಲಿದ್ದೇನೆ. ಊರಲ್ಲಿ ಅಪ್ಪನಿಗೆ ಕ್ಯಾನ್ಸರ್, ಕೀಮೊ ನಡೀತಿದೆ. ಅಕ್ಕ ರೇಖಿಯ ಸೆಕೆಂಡ್ ಡಿಗ್ರಿ, ಅಂದರೆ ಎರಡನೇ ಹಂತ, ಮಾಡಿದ್ದಾಳೆ, ರಾತ್ರಿ 9 ಗಂಟೆಗೆ ಎಲ್ಲರೂ ವಿಡಿಯೊ ಕಾಲ್‌ನಲ್ಲಿ ಕೂತು ದೂರದಿಂದಲೇ ಅಪ್ಪನಿಗೆ ರೇಖಿ ಕಳಿಸಬೇಕು ಅಂತಾಳೆ. ನಾನು ಸೇರಲ್ಲ ಅಂದಿದ್ದಕ್ಕೆ ಅಪ್ಪನ ಮೇಲೆ ಪ್ರೀತಿ ಇಲ್ಲ ಅಂದಳು.
– ಊರು ಬೇಡ

ಉತ್ತರ: ಕೀಮೊ ನಡೆಯುತ್ತಿದೆ ಅಂದಿರಲ್ಲ, ಅದೇ ಮುಖ್ಯ. ಅದು ನಿಲ್ಲದಿದ್ದರೆ ಅಕ್ಕನ ರೇಖಿಯಿಂದ ತೊಂದರೆ ಏನಿಲ್ಲ. ತೊಂದರೆ ಆಗುವುದು ಒಂದನ್ನು ಬಿಟ್ಟು ಇನ್ನೊಂದನ್ನು ಹಿಡಿದಾಗ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದವರು ಗುಣವಾಗಬಲ್ಲ ಕ್ಯಾನ್ಸರ್ ಇದ್ದೂ ಬದಲಿ ಚಿಕಿತ್ಸೆಯನ್ನೇ ನಂಬಿದವರನ್ನು ಆಸ್ಪತ್ರೆ ಚಿಕಿತ್ಸೆ ಪಡೆದವರ ಜೊತೆ ಹೋಲಿಸಿದರು. 2018ರ ಆ ಲೇಖನದ ಪ್ರಕಾರ ಸಾವಿನ ಅಪಾಯ ಎರಡೂವರೆ ಪಟ್ಟು. ಅದಕ್ಕೇ ಅಕ್ಕನ ಹತ್ತಿರ ಒಂದು ಮಾತು ತೆಗೆದುಕೊಳ್ಳಿ: ಕೀಮೊ ತಾರೀಕು ತಪ್ಪಬಾರದು, ಡಾಕ್ಟರಿಗೆ ಹೇಳದೆ ಉಪವಾಸ, ಕಷಾಯ, ಪುಡಿ ಯಾವುದೂ ಶುರು ಮಾಡಬಾರದು.

ವಿಡಿಯೊ ಕಾಲ್‌ಗೆ ಸೇರಿ ಅಂತ ನನ್ನ ಸಲಹೆ. ರೇಖಿ ಕಳಿಸಲು ಅಲ್ಲ, ಅಪ್ಪನ ಮುಖ ನೋಡಲು. ಕಣ್ಣು ಮುಚ್ಚಿ ಕೂರಲು ನಿಮಗೆ ಮನಸ್ಸಿಲ್ಲದಿದ್ದರೆ ಬೇಡ, ಹತ್ತು ನಿಮಿಷ ಮೊದಲೇ ಕಾಲ್ ಮಾಡಿ ಅವರ ಜೊತೆ ಮಾತಾಡಿ. ಇನ್ನೊಂದು: ಅಪ್ಪನಿಗೆ ಇದು ಬೇಕಾ ಅಂತ ನಿಮ್ಮಲ್ಲಿ ಯಾರಾದರೂ ಕೇಳಿದ್ದೀರಾ? ಕೀಮೊ ಆದ ದಿನ ರಾತ್ರಿ ವಾಕರಿಕೆ ಬರುತ್ತಿರುವಾಗ ಅವರಿಗೆ ಬೇಗ ದೀಪ ಆರಿಸಿ ಮಲಗಿದರೆ ಸಾಕಾಗಿರಬಹುದು. ಮಕ್ಕಳಿಗೆ ಬೇಜಾರಾಗಬಾರದು ಅಂತ ಅವರೇ ಎದ್ದು ಕೂತಿರಬಹುದು.

ಪ್ರಶ್ನೆ: ನಮ್ಮ ಮನೆಯಲ್ಲಿ ಎಲ್ಲರೂ ರೇಖಿಯ ಹಾಗೇ ಶಕ್ತಿಯಿಂದ ವಾಸಿ ಮಾಡುತ್ತೇವೆ ಅನ್ನುವ ಪ್ರಾಣಿಕ್ ಹೀಲಿಂಗ್ ಕಲಿತಿದ್ದಾರೆ. ರೋಗಿಯ ಮೈಯಿಂದ ತೆಗೆದ ಕೆಟ್ಟ ಶಕ್ತಿಯನ್ನು ಉಪ್ಪುನೀರಿನ ಬಟ್ಟಲಿಗೆ ಬಿಡುತ್ತಾರೆ. ಆ ನೀರನ್ನು ಹೆಂಡತಿ ದಾಸವಾಳದ ಕುಂಡಕ್ಕೆ ಹಾಕಿದಳು, ಗಿಡ ಒಣಗಿ ಹೋಯಿತು! ಇದಕ್ಕಿಂತ ಸಾಕ್ಷಿ ಬೇಕಾ ಅಂತಾರೆ.
– ನಿವೃತ್ತ ಮೇಷ್ಟ್ರು, ತುಮಕೂರು

ಉತ್ತರ: ಮೇಷ್ಟ್ರೇ, ಉತ್ತರ ನಿಮಗೇ ಗೊತ್ತಿದೆ, ನನ್ನ ಬಾಯಲ್ಲಿ ಹೇಳಿಸುತ್ತಿದ್ದೀರಿ. ಉಪ್ಪುನೀರು ಹಾಕಿದರೆ ಗಿಡ ಒಣಗದೆ ಇನ್ನೇನಾಗುತ್ತದೆ? ಬೇರಿನ ಸುತ್ತ ಉಪ್ಪು ಜಾಸ್ತಿಯಾದರೆ ಗಿಡಕ್ಕೆ ನೀರು ಎಳೆದುಕೊಳ್ಳಲು ಆಗುವುದಿಲ್ಲ. ಎರಡು ಕುಂಡ ತನ್ನಿ. ಒಂದಕ್ಕೆ ಹೀಲಿಂಗ್ ಮಾಡಿದ ಉಪ್ಪುನೀರು, ಇನ್ನೊಂದಕ್ಕೆ ಅಷ್ಟೇ ಉಪ್ಪು ಹಾಕಿದ, ಹೀಲಿಂಗ್ ಮಾಡದ ನೀರು. ಯಾವುದು ಯಾವುದು ಅಂತ ನಿಮ್ಮನ್ನು ಬಿಟ್ಟು ಯಾರಿಗೂ ಗೊತ್ತಾಗಬಾರದು. ಗಿಡಗಳ ಮೇಲೆ ಪಾಪ ಅನ್ನಿಸಿದರೆ ಗರಿಕೆಯಲ್ಲೇ ಮಾಡಿ.

ಅಂದಹಾಗೆ ಪ್ರಾಣಿಕ್ ಹೀಲಿಂಗ್ ಹೆಸರು ನಮ್ಮದಾದರೂ ಅದನ್ನು ಹೀಗೆ ಕ್ಲಾಸು, ಕೋರ್ಸು ಅಂತ ಜೋಡಿಸಿದ್ದು ಫಿಲಿಪ್ಪೀನ್ಸ್‌ನ ಚೋಆ ಕಾಕ್ ಸುಯಿ, 1980ರ ದಶಕದಲ್ಲಿ. ಆತ ಓದಿದ್ದು ಕೆಮಿಕಲ್ ಎಂಜಿನಿಯರಿಂಗ್. ಉಪ್ಪುನೀರು ಎಲ್ಲಿಂದ ಬಂತೋ ನೀವೇ ಯೋಚಿಸಿ!

ಪ್ರಶ್ನೆ: ಎರಡು ದಿನದಲ್ಲಿ ಶುಗರ್, ಥೈರಾಯ್ಡ್ ಎಲ್ಲ ವಾಸಿ ಅಂತ ವಾಟ್ಸ್‌ಆ್ಯಪ್ ಪೋಸ್ಟರ್ ನೋಡಿ ಮನೆಯ ನಾಲ್ವರಿಗೂ ದುಡ್ಡು ಕಟ್ಟಿದ್ದೆ. ಈಗ ಮನಸ್ಸಿಲ್ಲ. ಕೇಳಿದರೆ ವಾಪಸ್ ಕೊಡಲ್ಲ ಅಂತಾರೆ.
– ಓದುಗರು, ಹಾಸನ

ಉತ್ತರ: ಆ ಪೋಸ್ಟರ್ ಡಿಲೀಟ್ ಮಾಡಬೇಡಿ. ಸಕ್ಕರೆ ಕಾಯಿಲೆ, ಕ್ಯಾನ್ಸರ್ ಥರದ ರೋಗಗಳನ್ನು ಮಂತ್ರ, ತಾಯಿತ, ಪವಾಡದಿಂದ ವಾಸಿ ಮಾಡುತ್ತೇವೆ ಅಂತ ಜಾಹೀರಾತು ಕೊಡುವುದನ್ನೇ ತಡೆಯಲು 1954ರಿಂದ ಒಂದು ಕಾನೂನು ಇದೆ, ಡ್ರಗ್ಸ್ ಅಂಡ್ ಮ್ಯಾಜಿಕ್ ರೆಮಿಡೀಸ್ ಕಾಯ್ದೆ. ಮೊದಲು ವಾಟ್ಸ್‌ಆ್ಯಪ್‌ನಲ್ಲೇ, ಬರಹದಲ್ಲಿ, ಕ್ಲಾಸಿಗೆ ಬರುವುದಿಲ್ಲ, ಹಣ ವಾಪಸ್ ಕೊಡಿ ಅಂತ ಕಳಿಸಿ, ಪೋಸ್ಟರನ್ನೂ ಜೊತೆಗೇ ಹಾಕಿ. ಎಷ್ಟೋ ಸಲ ಅಷ್ಟಕ್ಕೇ ಕೆಲಸ ಆಗುತ್ತದೆ. ಆಗದಿದ್ದರೆ 1915ಕ್ಕೆ ಫೋನ್ ಮಾಡಿ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಅದಕ್ಕೂ ಬಗ್ಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಬಹುದು. ಹಣ ಕಟ್ಟಿದ ಯುಪಿಐ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ನಗದು ಕೊಟ್ಟಿದ್ದು, ರಸೀದಿಯೂ ಇಲ್ಲ ಅಂತಾದರೆ ಕಷ್ಟ. ಆದರೂ ಆ ಚಾಟ್‌ನಲ್ಲಿ ‘ಹಣ ತಲುಪಿತು’ ಅಂತ ಅವರು ಎಲ್ಲಾದರೂ ಬರೆದಿದ್ದಾರಾ ಹುಡುಕಿ ನೋಡಿ.